ಅಣ್ಣನ ಕಣ್ಣಿನ ಕಬ್ಬಿಣ

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಅಕ್ಕ, ಬೆನ್ನ ಹಿಂದೆ ಜಪ್ತಿ ಅಕ್ಕ. ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಒಳಗೆ ಹೋಗುವವರ ಮೈಮೇಲಿನ ಲೋಹವನ್ನೆಲ್ಲ ಕಳಚಿಸುವುದು ಅವಳ ಕೆಲಸ. ಉಂಗುರ, ಓಲೆ, ಕೈಗಡಿಯಾರ, ಬೆಲ್ಟು, ಬೀಗದ ಕೈ, ಹೇರ್‌ಪಿನ್ನು, ಕಟ್ಟಿಸಿಕೊಂಡ ಹಲ್ಲು, ಕಿವಿಯ ಮಷೀನು, ಎಲ್ಲವೂ ಅವಳ ಮುಂದಿನ ಟ್ರೇಗೆ ಬೀಳಬೇಕು. ಇಷ್ಟಕ್ಕೇ ಜಪ್ತಿ ಎಂಬ ಹೆಸರು ಬರುತ್ತಿರಲಿಲ್ಲ. ಕಳಚಿಸುವಾಗಿನ ಅವಳ ಮುಖ ಇತ್ತಲ್ಲ, ಅದರಿಂದ ಬಂದ ಹೆಸರು ಅದು. ಬಂದವರೆಲ್ಲ ಏನನ್ನೋ ಕದ್ದು ಒಳಗಿಟ್ಟುಕೊಂಡು ಬಂದಿದ್ದಾರೆ ಎಂಬ ಹಾಗೆ ಮೇಲಿಂದ ಕೆಳಗೆ ನೋಡುತ್ತಿದ್ದಳು. ನೋವಿನಲ್ಲಿ ಬಂದವರಿಗೆ ಒಂದು ಒಳ್ಳೆಯ ಮಾತು ಆಡಿದರೆ ಗಂಟೇನು ಹೋಗುತ್ತಿತ್ತೋ ದೇವರಿಗೇ ಗೊತ್ತು.

ಓದಿಕೊಂಡವರು ಕೆಲವರು ವಾದಕ್ಕಿಳಿಯುತ್ತಿದ್ದರು. "ಇದು ಚಿನ್ನ ಕಣಮ್ಮ, ಚಿನ್ನಾನ ಮ್ಯಾಗ್ನೆಟ್ ಎಳೆಯಲ್ಲ."

"ಎಳೆಯಲ್ಲ, ನಿಜ. ಆದ್ರೆ ಬಿಸಿಯಾಗಿ ಬೆರಳು ಸುಡುತ್ತೆ. ಅಲ್ಲದೆ ಇದು ಚಿನ್ನ ಅಂತ ನಿಮಗೆ ಹೇಳಿದ್ಯಾರು? ಮಾರಿದವನು ತಾನೇ?"

ಹಾಗೆನ್ನುತ್ತ ಬೆರಳುದ್ದದ ಒಂದು ಅಯಸ್ಕಾಂತವನ್ನು ಎತ್ತಿಕೊಳ್ಳುತ್ತಿದ್ದಳು. ಅನುಮಾನ ಬಂದದ್ದನ್ನೆಲ್ಲ ಪರೀಕ್ಷಿಸಲು ಆಸ್ಪತ್ರೆಯವರೇ ಕೊಟ್ಟದ್ದು ಅದು, ಪ್ಲಾಸ್ಟಿಕ್ ಹಿಡಿ ಇತ್ತು. ತಾಮ್ರ, ಹಿತ್ತಾಳೆ, ಬೆಳ್ಳಿ, ಅಸಲಿ ಚಿನ್ನ ಯಾವುದೂ ಅದಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲ. ಆದರೆ ಮೇಲೆ ಚಿನ್ನದ ನೀರು ಬಳಿದ ಕಬ್ಬಿಣದ ಸರ ಟಕ್ಕೆಂದು ಹೋಗಿ ಕಚ್ಚಿಕೊಳ್ಳುತ್ತಿತ್ತು. ಸರದ ಒಡತಿಯ ಮುಖ ಸಪ್ಪಗಾದಾಗ ಜಪ್ತಿ ಅಕ್ಕನ ತುಟಿಯ ಒಂದು ಮೂಲೆ ಮೇಲೇರುತ್ತಿತ್ತು. ದಿನವಿಡೀ ಅವಳು ನಗುತ್ತಿದ್ದದ್ದು ಅಷ್ಟೇ.

ಒಳಗಿನ ಯಂತ್ರದ ಮೇಲೂ ಅವಳಿಗೆ ಸಿಟ್ಟೇ. ಅದು ಎಂದೂ ಮಲಗುವುದಿಲ್ಲ ಎನ್ನುವುದನ್ನು ಜನರ ತಲೆಗೆ ತುಂಬಿ ತುಂಬಿ ಅವಳ ಗಂಟಲು ಹೋಗಿತ್ತು. ಸದ್ದು ಮಾಡುತ್ತಿದ್ದರೆ ಯಂತ್ರ ಓಡುತ್ತಿದೆ, ಸುಮ್ಮನಿದ್ದರೆ ನಿಂತಿದೆ ಎಂದು ಎಲ್ಲರೂ ತಿಳಿಯುತ್ತಿದ್ದರು. ಸದ್ದು ಚಿತ್ರ ತೆಗೆಯುವುದರದ್ದು. ಅಯಸ್ಕಾಂತ ಮಾತ್ರ ಹಗಲೂ ರಾತ್ರಿ ಅಯಸ್ಕಾಂತವೇ. ಒಮ್ಮೆ ಕಸ ಗುಡಿಸುವಾಕೆ, ಮಷೀನು ನಿಂತಿದೆಯಲ್ಲ ಎಂದು, ತನ್ನ ಪ್ಲಾಸ್ಟಿಕ್ ಬಕೆಟ್ಟು ಒಡೆದುಹೋಗಿದ್ದರಿಂದ ಬೇರೆಲ್ಲಿಂದಲೋ ಕಬ್ಬಿಣದ ಬಕೆಟ್ಟು ತಂದು ಒಳಗೆ ನುಗ್ಗಿದ್ದಳು. ಹೊಸ್ತಿಲಲ್ಲಿ ಬಕೆಟ್ಟು ತೆಪ್ಪಗಿತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಕೈಯಲ್ಲಿ ವಾಲಿತು, ಇನ್ನೊಂದು ಹೆಜ್ಜೆಗೆ ಕೈಬಿಟ್ಟು ಹಾರಿತು. ನೀರೆಲ್ಲ ಮೈಮೇಲೆ, ಬಕೆಟ್ಟು ಯಂತ್ರದ ಬಾಯಲ್ಲಿ ಅಪ್ಪಚ್ಚಿ. ದೂರದಲ್ಲಿ ಏನೂ ಇಲ್ಲ, ಹತ್ತಿರ ಹೋದ ಹಾಗೆ ಒಮ್ಮೆಲೇ ಎಲ್ಲವೂ ಇದೆ, ಅದೇ ಅದರ ಮೋಸ. ನಡುವೆ ಬಟ್ಟೆ ಇರಲಿ, ಹಲಗೆ ಇರಲಿ, ಮಾಂಸವೇ ಇರಲಿ, ಅದಕ್ಕೆ ಯಾವುದೂ ಅಡ್ಡಿಯಲ್ಲ. ಗುಡಿಸುವಾಕೆ ಮೂಲೆಯಲ್ಲಿ ನಿಂತು ಗಡಗಡ ನಡುಗುತ್ತಿದ್ದರೆ ಜಪ್ತಿ ಅಕ್ಕ ಅವಳಿಗೆ ಒಣಬಟ್ಟೆ ಕೊಡುವ ಬದಲು ಬೆವರಿಳಿಸಿ ಕಳಿಸಿದಳು. ಅಂದಿನಿಂದ ಇವಳ ಬಾಗಿಲು ದಾಟುವಾಗ ಡಾಕ್ಟರುಗಳೂ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಂಥವಳ ಬಾಯಲ್ಲಿ ಹೆಮ್ಮೆಯ ಮಾತು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಹೊಸಬರು ಯಾರು ಕೆಲಸಕ್ಕೆ ಸೇರಿದರೂ ಮೊದಲ ವಾರದಲ್ಲೇ ಅವರಿಗೆ ಅದನ್ನು ಹೇಳಿ ಮುಗಿಸುತ್ತಿದ್ದಳು. "ಮ್ಯಾಗ್ನೆಟ್ ಅಂದ್ರೆ ಏನು ಅಂತ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಣ್ಣನ ಕಣ್ಣೊಳಗೆ ಹೊಕ್ಕಿದ್ದ ಕಬ್ಬಿಣದ ಚೂರನ್ನ ಮ್ಯಾಗ್ನೆಟ್ ಹಿಡಿದು ಹೊರಗೆ ಎಳೆದವಳು ನಾನು. ಡಾಕ್ಟರಿಲ್ಲ, ಮದ್ದಿಲ್ಲ. ಈಗಲೂ ಆ ಕಣ್ಣಲ್ಲೇ ಅವನು ನನ್ನನ್ನ ದುರುಗುಟ್ಟಿ ನೋಡೋದು."

ಅಪ್ಪನದು ಸಾಣೆ ಅಂಗಡಿ. ಚಾಕು, ಕತ್ತರಿ, ಕೊಡಲಿ, ಬಡಗಿಯ ಉಳಿ, ಏನು ತಂದರೂ ಚಕ್ರಕ್ಕೆ ಹಿಡಿದು ಹರಿತ ಮಾಡಿಕೊಡುವ ಕೆಲಸ. ಅಂಗಡಿಯ ಪಾಲು ಅಣ್ಣನಿಗೆ ಹುಟ್ಟುತ್ತಲೇ ಬಂತು, ಇವಳಿಗೆ ಕೆಲಸ ಮಾತ್ರ ಬಂತು. ಚಕ್ರದ ಕೆಳಗೆ ಬಿದ್ದ ಕಬ್ಬಿಣದ ಪುಡಿಯನ್ನು ಒಟ್ಟುಮಾಡಲು ಅಪ್ಪ ಹಳೆಯ ಲೌಡ್‌ಸ್ಪೀಕರಿನ ದಪ್ಪ ಬಳೆಯಂಥ ಅಯಸ್ಕಾಂತ ಇಟ್ಟುಕೊಂಡಿದ್ದ. ಅದನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ನೆಲದ ಮೇಲೆ ಎಳೆದರೆ ಚೀಲಕ್ಕೆ ಕರಿಗಡ್ಡ ಬೆಳೆದ ಹಾಗೆ ಪುಡಿ ಅಂಟುತ್ತಿತ್ತು. ಡಬ್ಬಿಯ ಮೇಲೆ ಹಿಡಿದು ಒಳಗಿನ ಅಯಸ್ಕಾಂತವನ್ನು ಹೊರಗೆಳೆದರೆ ಗಡ್ಡವೆಲ್ಲ ಉದುರಿ ಡಬ್ಬಿಗೆ ಬೀಳುತ್ತಿತ್ತು. ಚೀಲವಿಲ್ಲದೆ ಬರಿಯ ಅಯಸ್ಕಾಂತವನ್ನು ಪುಡಿಗೆ ತಾಗಿಸಬಾರದು ಎನ್ನುವುದು ಅಂಗಡಿಯ ಕಟ್ಟಳೆ, ಯಾಕೆಂದರೆ ಆಮೇಲೆ ಎಷ್ಟು ಒರೆಸಿದರೂ ಪುಡಿ ಅಲ್ಲಿಂದ ಇಲ್ಲಿಗೆ ಸರಿಯುತ್ತದೆಯೇ ಹೊರತು ಬಿಡುವುದಿಲ್ಲ.

ಚಿಕ್ಕಂದಿನಲ್ಲಿ ಅಣ್ಣ ತಂಗಿ ಅದಕ್ಕಾಗಿ ಕಿತ್ತಾಡಿ ಅದನ್ನು ಕೆಳಗೆ ಬೀಳಿಸಿ ಎರಡು ಹೋಳು ಮಾಡಿದ್ದರು. ಅರ್ಧ ಅಯಸ್ಕಾಂತಕ್ಕೆ ಅರ್ಧ ಬುದ್ಧಿ ಇರಬಹುದೆಂದುಕೊಂಡರೆ ಹಾಗಾಗಲಿಲ್ಲ. ಒಂದೊಂದು ಹೋಳೂ ಎರಡು ಮುಖದ ಪೂರಾ ಅಯಸ್ಕಾಂತವೇ ಆಗಿ ಕೂತಿತು. ಒಡೆದ ಕಡೆ ಒಂದಕ್ಕೊಂದು ಮೊದಲಿದ್ದ ಹಾಗೆಯೇ ಜೋಡಿಸಲು ಹೋದರೆ ಎರಡೂ ಪರಸ್ಪರ ಒದ್ದು ದೂರ ಸರಿದವು. ಇದರಲ್ಲಿ ನೀತಿ ಹುಡುಕುವವರು ಹುಡುಕಿಕೊಳ್ಳಲಿ. ಅಪ್ಪ ಇಬ್ಬರಿಗೂ ಬೆನ್ನ ಮೇಲೆ ಎರಡೆರಡು ಕೊಟ್ಟು, ಒಂದು ಹೋಳನ್ನು ಚೀಲಕ್ಕೆ ಹಾಕಿ, ಇನ್ನೊಂದನ್ನು ಮೊಳೆ ಹೆಕ್ಕಲು ಚಕ್ರದ ಪಕ್ಕದ ಗೂಡಿನಲ್ಲಿ ಎಸೆದ.

ಅಣ್ಣನ ಕಣ್ಣಿಗೆ ಚೂರು ಹೊಕ್ಕದ್ದು ಇಬ್ಬರೂ ಪ್ರಾಯಕ್ಕೆ ಬಂದ ಮೇಲೆ. ಅವನು ಕನ್ನಡಕ ಹಾಕದೆ ಕೊಡಲಿಯನ್ನು ಚಕ್ರಕ್ಕೆ ಒತ್ತಿದ್ದ, ಕನ್ನಡಕ ಹಾಕಿದರೆ ತಂಗಿಯ ಮಾತು ಕೇಳಿದ ಹಾಗಾಗುತ್ತದೆ ಎಂದು. ಕಿಡಿಯ ಜೊತೆ ಏನೋ ಹಾರಿ ಬಲಗಣ್ಣಿಗೆ ಬಡಿಯಿತು. ಅವನು ಅರಚುತ್ತ ನೆಲಕ್ಕೆ ಕುಸಿದ. ಅಪ್ಪ ಏನೂ ತೋಚದೆ ನಿಂತ. ಅವಳು ಗೂಡಿನಿಂದ ಅಯಸ್ಕಾಂತದ ಹೋಳನ್ನು ತೆಗೆದು, ಬಟ್ಟೆಗೆ ಒರೆಸಿ, ಅಣ್ಣನ ಎದೆಯ ಮೇಲೆ ಮೊಣಕಾಲೂರಿ, ರೆಪ್ಪೆ ಬಿಡಿಸಿ ಕಣ್ಣಿನ ಹತ್ತಿರಕ್ಕೆ ಹಿಡಿದಳು. ಅವನು ಕೊಸರಾಡಿದ. ಹೋಳನ್ನು ತಿರುಗಿಸಿ ನೋಡಿದರೆ ಅಂಚಿನಲ್ಲಿ ಒಂದು ಚೂರು ಮಿಣಕ್ಕೆಂದಿತು. "ಬಂತು" ಎಂದಳು. ಅಪ್ಪ ಅಲ್ಲೇ ಕೂತು ಅತ್ತುಬಿಟ್ಟ. ಎರಡು ಮೂರು ದಿನದಲ್ಲಿ ನೋವೂ ಇಳಿಯಿತು, ಕೆಂಪೂ ಹೋಯಿತು. ಕಣ್ಣಿನ ಮೂಲೆಯಲ್ಲಿ ಸ್ವಲ್ಪ ಹೊಗೆ ಕಟ್ಟಿದ ಹಾಗೆ ಕಾಣುತ್ತದೆ ಎಂದು ಅಣ್ಣ ಹೇಳುತ್ತಿದ್ದ, ಆದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅನಾಹುತ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಶುರುವಾದದ್ದೇ ಅಲ್ಲಿಂದ. ಅಪ್ಪ ಬಂದ ಗಿರಾಕಿಗಳಿಗೆಲ್ಲ ಅದೇ ಕಥೆ ಹೇಳತೊಡಗಿದ. "ನನ್ನ ಮಗನ ಕಣ್ಣು ಉಳಿದಿದ್ದು ಇವಳ ಕೈಯಿಂದ. ಈ ಅಂಗಡಿ ಇವಳ ಕೈಲೇ ಇರಬೇಕು." ಅಣ್ಣ ಪಕ್ಕದಲ್ಲೇ ನಿಂತು ಚಾಕು ಮಸೆಯುತ್ತ ಹಲ್ಲನ್ನೂ ಮಸೆಯುತ್ತಿದ್ದ. ಯಾರಾದರೂ ಅವನನ್ನು ಕೇಳಿದರೆ, ಚೂರು ಕಣ್ಣೀರಲ್ಲಿ ತಾನಾಗೇ ಬಂತು, ಇವಳು ಸುಮ್ಮನೆ ಮೂಗು ತೂರಿಸಿದಳು ಎನ್ನುತ್ತಿದ್ದ. ಅಪ್ಪ ಕಣ್ಣು ಮುಚ್ಚಿದ ಕೂಡಲೇ ಅಂಗಡಿಗೆ ಹೊಸ ಬೀಗ ಬಿತ್ತು. ಬೆಳಿಗ್ಗೆ ತನ್ನ ಹಳೆಯ ಬೀಗದ ಕೈ ಹಿಡಿದುಕೊಂಡು ಹೋದ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಳಗಿನಿಂದ ಅಣ್ಣ ಹೇಳಿದ, "ಇದು ನಿಂಗೆ ಸೇರಿದ್ದಲ್ಲ. ಹೋಗು."

"ಅಂಗಡಿ ನಿನ್ನದೇ ಇಟ್ಕೋ. ಕಣ್ಣು ಮಾತ್ರ ನಂದು. ಅದನ್ನ ಯಾವ ಬೀಗ ಹಾಕಿ ಇಟ್ಕೋತೀಯೋ ನೋಡ್ತೀನಿ."

ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಮನೆಗಳು ಒಂದೇ ಬೀದಿಯಲ್ಲಿ, ದಾರಿ ತಪ್ಪಿಸಿ ಹೋಗುವಂತಿಲ್ಲ. ಅವಳು ಕೆಲಸಕ್ಕೆ ಹೋಗುವಾಗ ಅಂಗಡಿಯ ಮುಂದೆ ಬಂದಳೆಂದರೆ ಅವನು ಬೇಕೆಂದೇ ಕೊಡಲಿಯನ್ನು ಬಲವಾಗಿ ಒತ್ತಿ ಬೀದಿಯವರೆಗೂ ಕಿಡಿ ಹಾರಿಸುತ್ತಿದ್ದ. "ಬಂತು ಪೀಡೆ, ಇವತ್ತಿನ ವ್ಯಾಪಾರ ಮಣ್ಣು ಮುಕ್ಕಿತು" ಎನ್ನುತ್ತಿದ್ದ. ಅವಳು ನಿಂತು, ಗಿರಾಕಿಗಳಿಗೆ ಕೇಳುವ ಹಾಗೆ, "ಕನ್ನಡಕ ಹಾಕ್ಕೋ. ಇನ್ನೊಂದು ಸಲ ತೆಗೆಯೋಕೆ ನಂಗೆ ಪುರುಸೊತ್ತಿಲ್ಲ" ಎನ್ನುತ್ತಿದ್ದಳು. ಆ ಮಾತು ಅವನಿಗೆ ಎಲ್ಲಿ ತಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದ ಒಂದು ಆಸ್ತಿ ಎಂದರೆ ಅಣ್ಣನ ಬಲಗಣ್ಣು. ಅವನ ಬಾಯಿಂದ ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರ ಎದುರು "ಇವಳು ಉಳಿಸಿದಳು" ಎನ್ನಿಸಬೇಕು ಎಂಬ ಹಟ ಅವಳಿಗಿತ್ತು. ಅಷ್ಟಾದರೆ ಅಂಗಡಿಯೂ ಬೇಡ, ಬೀಗವೂ ಬೇಡ.

ಹೀಗಿರುವಾಗ ಒಂದು ಬೆಳಿಗ್ಗೆ ಎಂ.ಆರ್.ಐ. ಕೋಣೆಯ ಮುಂದೆ ಬಂದು ನಿಂತದ್ದು ಅಣ್ಣನೇ. ಬೆನ್ನು ಹಿಡಿದುಕೊಂಡಿತ್ತು. ಅತ್ತಿಗೆಯ ಹೆಗಲ ಮೇಲೆ ಭಾರ ಹಾಕಿ, ಒಂದು ಕಾಲನ್ನು ಎಳೆಯುತ್ತ ಬಂದಿದ್ದ. ಚಕ್ರದ ಮುಂದೆ ಬಗ್ಗಿ ಬಗ್ಗಿ ಸವೆದ ಬೆನ್ನು ಅದು. ಸ್ಕ್ಯಾನ್ ಮಾಡದೆ ಏನೂ ಹೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಇವಳ ಬಾಗಿಲಿಗೇ ಕರ್ಕೊಂಡು ಬಂದ್ಯಲ್ಲ" ಎಂದು ಅವನು ಹೆಂಡತಿಗೆ ಹೇಳಿದ, ತಂಗಿಗೆ ಕೇಳಲಿ ಎಂದೇ.

"ಈ ಮಷೀನು ಊರಲ್ಲಿ ಇನ್ನೆಲ್ಲಿದೆ ಹೇಳಿ" ಎಂದಳು ಅತ್ತಿಗೆ. ಅವಳಿಗೆ ಇಬ್ಬರ ಜಗಳವೂ ಸಾಕಾಗಿ ಬಹಳ ಕಾಲವಾಗಿತ್ತು.

ಜಪ್ತಿ ಅಕ್ಕ ತಲೆಯೆತ್ತಲಿಲ್ಲ. "ಜೇಬಲ್ಲಿರೋದೆಲ್ಲ ಟ್ರೇಗೆ" ಎಂದಳು.

ಬೀಗದ ಕೈ ಬಿತ್ತು, ಗಡಿಯಾರ ಬಿತ್ತು. ಬೆಲ್ಟು ಬಿಚ್ಚಲು ಬಗ್ಗಿದಾಗ ಅವನು ನೋವಿಗೆ ಹಲ್ಲು ಕಚ್ಚಿದ. ಸಹಾಯಕ್ಕೆ ಮುಂದೆ ಬಂದ ಅತ್ತಿಗೆಯನ್ನು ಅವಳು ತಡೆದಳು, "ಪೇಷೆಂಟೇ ಬಿಚ್ಚಬೇಕು." ಅಂಥ ನಿಯಮ ಯಾವುದೂ ಇರಲಿಲ್ಲ. ಚಪ್ಪಲಿಯ ಅಟ್ಟೆಯಲ್ಲಿ ಮೊಳೆ ಇದೆ ಎಂದು ಅದನ್ನೂ ಬಿಡಿಸಿದಳು. ಅಷ್ಟಾದ ಮೇಲೆ ಆಸ್ಪತ್ರೆಯ ಬಟ್ಟೆ ಕೊಟ್ಟು ಬದಲಾಯಿಸಿಕೊಳ್ಳಲು ಕಳಿಸಿದ್ದರೆ ಆಗುತ್ತಿತ್ತು. ಎಲ್ಲರಿಗೂ ಹಾಗೇ ಮಾಡುತ್ತಿದ್ದಳು. ಅಣ್ಣನಿಗೆ ಮಾಡಲಿಲ್ಲ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರ ಎದುರು ಅವನನ್ನು ನಿಲ್ಲಿಸಿ, ತನ್ನ ಬೆರಳುದ್ದದ ಅಯಸ್ಕಾಂತವನ್ನು ಅವನ ಅಂಗಿಯ ಮೇಲೆ ಕತ್ತಿನಿಂದ ಹೊಟ್ಟೆಯವರೆಗೆ ಸವರಿದಳು. ಅದು ಕರಿಗಡ್ಡ ಬೆಳೆಸಿಕೊಂಡು ಮೇಲೆದ್ದಿತು.

"ನೋಡಿ, ಎಂಥೆಂಥವರು ಬರ್ತಾರೆ" ಎಂದಳು ಬೆಂಚಿನ ಕಡೆ ತಿರುಗಿ. "ಮೈಮೇಲೆ ಅಂಗಡೀನೇ ಹೊತ್ಕೊಂಡು ಬಂದಿದ್ದಾರೆ. ಸ್ನಾನ ಮಾಡಿ ಬನ್ನಿ ಅಂದ್ರೆ ಯಾರಿಗೂ ಕಿವಿ ಕೇಳಲ್ಲ."

ಬೆಂಚಿನ ಮೇಲಿದ್ದವರು ಮುಸಿಮುಸಿ ನಕ್ಕರು. ಅಣ್ಣನ ಕಿವಿ ಕೆಂಪಾಯಿತು. ಅವಳಿಗೆ ಆ ಕ್ಷಣ ಎಷ್ಟು ಸುಖವಾಯಿತೆಂದರೆ ಬೀಗ ಬದಲಾಯಿಸಿದ ಬೆಳಗ್ಗೆ ನುಂಗಿದ್ದ ಅವಮಾನದ ಒಂದು ಕಂತು ತೀರಿದ ಹಾಗಾಯಿತು. ಅವನು ಒಳಕೋಣೆಗೆ ಬಟ್ಟೆ ಬದಲಿಸಲು ಹೋದಾಗ ಅವಳು ಅಯಸ್ಕಾಂತವನ್ನು ಬಟ್ಟೆಯ ಚೂರಿಗೆ ಒರೆಸಿದಳು. ಗಡ್ಡ ಪಕ್ಕಕ್ಕೆ ಸರಿಯಿತು. ಮತ್ತೆ ಒರೆಸಿದಳು. ಮುಕ್ಕಾಲು ಪಾಲು ಹೋಯಿತು, ತುದಿಯಲ್ಲಿ ಉಳಿದದ್ದು ಉಳಿದೇ ಉಳಿಯಿತು. ಬೈದುಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡಳು.

ಅಣ್ಣ ಆಸ್ಪತ್ರೆಯ ಬಟ್ಟೆ ತೊಟ್ಟು ಬರುವ ಹೊತ್ತಿಗೆ ಟೆಕ್ನಿಷಿಯನ್ ಹೊರಗೆ ಬಂದ. ಯಂತ್ರ ನಡೆಸುವವನು ಅವನೇ, ಒಳಗೆ ಬಿಡುವ ಮೊದಲು ಕೊನೆಯ ಪ್ರಶ್ನೆಗಳನ್ನು ಕೇಳುವವನೂ ಅವನೇ. ಅವಳನ್ನು ಕಂಡರೆ ಹೆದರದೆ ಮಾತಾಡುತ್ತಿದ್ದವನು ಆ ಮಹಡಿಯಲ್ಲಿ ಅವನೊಬ್ಬನೇ ಇರಬೇಕು.

"ಎದೆಯಲ್ಲಿ ಪೇಸ್‌ಮೇಕರ್ ಏನಾದ್ರೂ ಹಾಕಿದ್ದಾರಾ?"

"ಇಲ್ಲ."

"ಮೂಳೆಗೆ ರಾಡು, ಸ್ಕ್ರೂ?"

"ಇಲ್ಲ."

"ಕಣ್ಣಿಗೆ ಯಾವತ್ತಾದ್ರೂ ಕಬ್ಬಿಣದ ಚೂರು ಹೋಗಿತ್ತಾ?"

"ಇಲ್ಲ ಅಂದ್ನಲ್ಲ. ನಿಂತ್ಕೊಳೋಕೆ ಆಗ್ತಿಲ್ಲ, ಬೇಗ ಬಿಡಿ ಒಳಗೆ."

"ಹೋಗಿತ್ತು" ಎಂದಳು ಜಪ್ತಿ ಅಕ್ಕ. ನಿಯಮಕ್ಕೆ ಹೇಳಿದಳೋ, ಅಣ್ಣ ಇಲ್ಲ ಎಂದದ್ದು ಸಹಿಸದೆ ಹೇಳಿದಳೋ, ಎರಡೂ ಇರಬಹುದು.

ಟೆಕ್ನಿಷಿಯನ್ ಅವಳನ್ನು ನೋಡಿದ, ಅಣ್ಣನನ್ನು ನೋಡಿದ, ಮುಖ ಅರಳಿಸಿದ. "ಓ, ನೀವು ಯಾವಾಗ್ಲೂ ಹೇಳ್ತಿರ್ತೀರಲ್ಲ ಅಕ್ಕ, ಆ ಅಣ್ಣ ಇವರೇನಾ? ಹಾಗಾದ್ರೆ ಚೂರು ಅವತ್ತೇ ಬಂದಾಯ್ತಲ್ಲ. ನೀವೇ ತೆಗೆದಿದ್ದು." ಬೇರೆ ಯಾರೇ ಹೀಗೆ ಹೇಳಿಕೊಂಡು ಬಂದಿದ್ದರೂ ಅವನು ಎಕ್ಸ್‌ರೇಗೆ ಕಳಿಸದೆ ಬಿಡುತ್ತಿರಲಿಲ್ಲ. ಆದರೆ ಆ ಬಾಗಿಲಲ್ಲಿ ಅಕ್ಕ ಹೇಳಿದ್ದು ಎಂದೂ ಸುಳ್ಳಾಗಿರಲಿಲ್ಲ.

ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಬೆನ್ನಿನ ನೋವು ಕಾಲಿಗೆ ಇಳಿದಿತ್ತು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಇವಳು ಇನ್ನೊಮ್ಮೆ ಬಾಯಿ ಬಿಟ್ಟರೆ ತನ್ನನ್ನು ಇವತ್ತು ಒಳಗೆ ಬಿಡುವುದಿಲ್ಲ, ಇವಳ ಬಾಯಿ ಮುಚ್ಚಿಸುವ ದಾರಿ ಒಂದೇ ಎಂದು ಅವನಿಗೆ ಹೊಳೆದಿರಬೇಕು. ಬೆಂಚಿನವರಿಗೆಲ್ಲ ಕೇಳುವ ಹಾಗೆ ಹೇಳಿದ.

"ಹೌದು ಸ್ವಾಮಿ, ಹೋಗಿತ್ತು. ತೆಗೆದವಳು ಇವಳೇ. ಇವಳು ಅವತ್ತು ತೆಗೀದೇ ಇದ್ದಿದ್ರೆ ನನ್ನ ಕಣ್ಣು ಹೋಗ್ತಿತ್ತು. ಇವಳೇ ಉಳಿಸಿದ್ದು. ಸಾಕಾ? ಈಗ ಬಿಡ್ತೀರಾ?"

ಅಷ್ಟು ವರ್ಷ ಅವಳು ಯಾವ ಮಾತಿಗಾಗಿ ಕಾದಿದ್ದಳೋ ಅದು ಹಾಗೆ, ಕಾರಿಡಾರಿನಲ್ಲಿ, ಸಿಡುಕಿನಲ್ಲಿ, ಬೆಲ್ಟಿಲ್ಲದ ಸೊಂಟದ ಮೇಲೆ ಕೈ ಇಟ್ಟುಕೊಂಡ ಮನುಷ್ಯನ ಬಾಯಿಂದ ಬಂತು. ಆದರೂ ಬಂತಲ್ಲ. ಅತ್ತಿಗೆ ಬಾಯಿ ತೆರೆದು ನೋಡುತ್ತಿದ್ದಳು. ಜಪ್ತಿ ಅಕ್ಕನಿಗೆ ಖುಷಿ ಎಂದರೆ ಖುಷಿಯೇ, ಮುಚ್ಚಿಡುವುದೇನಿದೆ. ಎದ್ದು ನಿಂತು ಬಾಗಿಲು ತೆರೆದುಬಿಡೋಣ ಎನ್ನಿಸಿತು. ತೊಡೆಯ ಮೇಲಿನ ಅಯಸ್ಕಾಂತ ಬಿದ್ದುಹೋಗದಿರಲಿ ಎಂದು ಕೈಗೆತ್ತಿಕೊಂಡು ಎದ್ದಳು.

ತುದಿಯಲ್ಲಿ ಉಳಿದ ಪುಡಿಯ ನಡುವೆ ಒಂದು ಚೂರು ಮಿಣಕ್ಕೆಂದಿತು.

ಅವಳು ಅದನ್ನು ನೋಡುತ್ತ ನಿಂತಳು. ಈಗಷ್ಟೇ ಒರೆಸಿದ್ದಲ್ಲವೇ ಇದು? ಎರಡು ಸಲ ಒರೆಸಿದ್ದು. ಇದು ಯಾರ ಕಣ್ಣಿಂದಲೂ ಬಂದದ್ದಲ್ಲ, ಅಂಗಿಯಿಂದ ಬಂದದ್ದು. ಅಪ್ಪನ ಅಂಗಡಿಯ ಗೂಡಿನಲ್ಲಿ ಬಿದ್ದಿದ್ದ ಆ ಹೋಳಿಗೆ ಚೀಲ ಇರಲಿಲ್ಲ. ಹಗಲೆಲ್ಲ ಚಕ್ರದ ಪಕ್ಕದಲ್ಲಿ ಪುಡಿ ಕುಡಿಯುತ್ತ ಬಿದ್ದಿದ್ದ ಹೋಳು ಅದು. ಅಂದು ಅದನ್ನೂ ಹೀಗೇ ಬಟ್ಟೆಗೆ ಒಮ್ಮೆ ಒರೆಸಿದ್ದಳು, ಒಮ್ಮೆ ಮಾತ್ರ, ಅವಸರದಲ್ಲಿ. ಕಣ್ಣಿಗೆ ಹಿಡಿಯುವ ಮೊದಲು ಅದರ ಅಂಚಿನಲ್ಲಿ ಏನಿತ್ತೆಂದು ನೋಡಿರಲಿಲ್ಲ. ಹಿಡಿದ ಮೇಲೆ ಮಾತ್ರ ನೋಡಿದ್ದಳು. ನೋಡಿ, ಬಂತು ಎಂದಿದ್ದಳು. ಅಂಗಡಿಯಲ್ಲಿ ಹುಟ್ಟಿ ಬೆಳೆದವಳು, ಅಪ್ಪನಿಂದ ಹಿಡಿದು ಎಲ್ಲರೂ ಅಂಗಡಿಯವರೇ, ಆ ಅಯಸ್ಕಾಂತ ಎಂದೂ ಬರಿದಾಗಿರುವುದಿಲ್ಲ ಎನ್ನುವುದು ಒಬ್ಬರಿಗಾದರೂ ಹೊಳೆಯಬೇಡವೇ? ದಿನಾ ಕಾಣುವುದು ಕಣ್ಣಿಗೆ ಕಾಣುವುದಿಲ್ಲ, ಅದೇ ಬಂದದ್ದು ತೊಂದರೆ. ಬಂದಿರಲೂಬಹುದು. ಬರದೆಯೂ ಇರಬಹುದು. ಬಂದಿರದಿದ್ದರೆ ಚೂರು ಇನ್ನೂ ಒಳಗೇ ಇದೆ. ಕಣ್ಣಿನ ಮೂಲೆಯಲ್ಲಿ ಅಣ್ಣ ಕಾಣುತ್ತಿದ್ದ ಹೊಗೆ ಹೊಗೆಯಲ್ಲ.

ಟೆಕ್ನಿಷಿಯನ್ ಬಾಗಿಲಿನ ಹಿಡಿಗೆ ಕೈ ಹಾಕಿದ. "ಅಕ್ಕ, ಹೇಳಿ. ಪೂರಾ ಬಂದಿತ್ತು ತಾನೇ?"

ಹೌದು ಎಂದರೆ ಅಣ್ಣನ ಮಾತು ಅವಳದಾಗಿ ಉಳಿಯುತ್ತದೆ, ಸಾಯುವವರೆಗೂ ಉಳಿಯುತ್ತದೆ. ಆದರೆ ಅವಳ ಹೌದು ನಂಬಿ ಅವನು ಆ ಯಂತ್ರದ ಬಾಯಿಗೆ ತಲೆ ಕೊಟ್ಟರೆ, ಒಳಗಿನ ಚೂರು ಮೊದಲು ತನ್ನ ಉದ್ದಕ್ಕೆ ತಿರುಗಿಕೊಳ್ಳುತ್ತದೆ. ಉದ್ದನೆಯ ಕಬ್ಬಿಣ ಯಾವತ್ತೂ ಹಾಗೇ, ದಿಕ್ಕು ಹುಡುಕುತ್ತದೆ. ಆಮೇಲೆ ಎಳೆತ. ಮಾಂಸ ಅಡ್ಡಿಯಲ್ಲ.

"ಗೊತ್ತಿಲ್ಲ" ಎಂದಳು.

"ಅಂದ್ರೆ?"

"ಅವತ್ತು ಬಂದಿದ್ದು ಕಣ್ಣಿಂದಲೇ ಅಂತ ನಂಗೆ ಗೊತ್ತಿಲ್ಲ. ಮ್ಯಾಗ್ನೆಟ್ ಮೇಲೆ ಮೊದಲೇ ಪುಡಿ ಇತ್ತು. ಅದನ್ನೇ ನೋಡಿ ಬಂತು ಅಂದಿರಬೇಕು. ಇವನನ್ನ ಒಳಗೆ ಬಿಡಬೇಡಿ."

ಟೆಕ್ನಿಷಿಯನ್ ಹಿಡಿಯ ಮೇಲಿಂದ ಕೈ ತೆಗೆದ. ಎಕ್ಸ್‌ರೇ ಕೋಣೆಗೆ ಫೋನು ಮಾಡಲು ಒಳಗೆ ಹೋದ.

ಅಣ್ಣ ಗೋಡೆ ಬಿಟ್ಟು ಮುಂದೆ ಬಂದ. "ನೋಡಿದ್ರಾ, ನೋಡಿದ್ರಾ ಇವಳ ಹೊಟ್ಟೆಕಿಚ್ಚು! ಇಷ್ಟು ವರ್ಷ ಊರೆಲ್ಲ ತಮಟೆ ಹೊಡ್ಕೊಂಡು ಬಂದಳು, ನಾನು ತೆಗೆದೆ ನಾನು ತೆಗೆದೆ ಅಂತ. ಇವತ್ತು ನಾನು ಹೌದು ಅಂದ ತಕ್ಷಣ ಇಲ್ಲ ಅಂತಾಳೆ. ನಾನು ನರಳೋದು ನೋಡಬೇಕು ಇವಳಿಗೆ, ಅಷ್ಟೇ."

"ಅಷ್ಟೇ ಅಂತಲೇ ಇಟ್ಕೋ" ಎಂದಳು. "ಎಕ್ಸ್‌ರೇ ಮಾಡಿಸ್ಕೊಂಡು ಬಾ."

"ನೀನು ಹಾಳಾಗಿ ಹೋಗು."

"ಆಯ್ತು. ಎಕ್ಸ್‌ರೇ ಎಡಗಡೆ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಬಂದು ನೂಕಿದ್ದರೂ ಸರಿಯುತ್ತಿರಲಿಲ್ಲ. ಅತ್ತಿಗೆ ಗಂಡನ ರಟ್ಟೆ ಹಿಡಿದು, ಅಳುತ್ತಲೋ ಬೈಯುತ್ತಲೋ ಗೊತ್ತಾಗದ ದನಿಯಲ್ಲಿ ಏನೋ ಹೇಳುತ್ತ ಎಡಗಡೆಗೆ ಕರೆದುಕೊಂಡು ಹೋದಳು. ಬೆಂಚಿನವರು ಈಗ ಅವಳನ್ನು ನೋಡಿ ಪಿಸುಗುಡುತ್ತಿದ್ದರು. ಅವಳು ಮುಂದಿನವರನ್ನು ಕರೆದು ಓಲೆ ಬಿಚ್ಚಿಸಿದಳು. ಚೂರು ಒಳಗೆ ಇರದಿರಲಿ ಎಂದೂ ಬೇಡಿದಳು, ಇರಲಿ ಎಂದೂ ಬೇಡಿದಳು. ಇರದಿದ್ದರೆ ಅವನ ಕಣ್ಣು ಅಂದೇ ಅವಳಿಂದ ಉಳಿದ ಹಾಗೆ. ಇದ್ದರೆ ಈಗ ಬಾಯಿ ಬಿಟ್ಟದ್ದು ಸಾರ್ಥಕ.

ಇತ್ತು. ಕಪ್ಪು ಫಿಲ್ಮಿನಲ್ಲಿ ಬಲಗಣ್ಣಿನ ಗೂಡಿನೊಳಗೆ ಬಿಳಿಯ ಒಂದು ಗೀರು, ಉಗುರಿನ ಕೊನೆಯಷ್ಟೂ ಇಲ್ಲ. ಕಣ್ಣಿನ ಡಾಕ್ಟರು ಇಳಿದು ಬಂದು ನೋಡಿದರು. ಯಂತ್ರದೊಳಗೆ ಹೋಗಿದ್ದರೆ ಇದು ಒಳಗಿಂದೊಳಗೇ ಕಣ್ಣನ್ನು ಸೀಳುತ್ತಿತ್ತು, ಬೆನ್ನಿಗೆ ಬೇರೆ ಬಗೆಯ ಸ್ಕ್ಯಾನ್ ಮಾಡೋಣ, ಇದನ್ನು ತೆಗೆಯುವುದೋ ಬಿಡುವುದೋ ಆಮೇಲೆ ನೋಡೋಣ ಎಂದು ಅವಳ ಬಾಗಿಲ ಮುಂದೆಯೇ ನಿಂತು ಅಣ್ಣನಿಗೆ ಹೇಳಿ ಹೋದರು. ಟೆಕ್ನಿಷಿಯನ್ ಅವಳ ಹತ್ತಿರ ಬಂದು ಮೆಲ್ಲಗೆ, "ಇವತ್ತು ನಿಜವಾಗ್ಲೂ ಉಳಿಸಿದ್ರಿ ಅಕ್ಕ" ಎಂದ. ಅವಳು ಅವನ ಕಡೆ ನೋಡಲಿಲ್ಲ. ಅವಳು ಅಣ್ಣನ ಮುಖ ನೋಡುತ್ತಿದ್ದಳು.

ಅಣ್ಣ ಬಟ್ಟೆ ಬದಲಿಸಿ ಬಂದು ಟ್ರೇಯಿಂದ ತನ್ನ ಸಾಮಾನು ಒಂದೊಂದಾಗಿ ಎತ್ತಿಕೊಂಡ. ಬೈಗುಳಕ್ಕೆ ಅವಳು ಸಿದ್ಧಳಾಗಿ ನಿಂತಿದ್ದಳು, ಉತ್ತರವೂ ತಯಾರಿತ್ತು. ಅವನು ಬೈಯಲಿಲ್ಲ.

"ಹಾಗಾದ್ರೆ ಅವತ್ತು ನೀನು ತೆಗೆದಿದ್ದೇನು?"

"ಪುಡಿ. ಅಂಗಡೀದು."

"ನನ್ನ ಕಣ್ಣಿಂದ ಏನೂ ತೆಗೀಲಿಲ್ಲ."

"ಇಲ್ಲ."

ಅವನು ಬೆಲ್ಟು ಬಿಗಿದುಕೊಂಡ. ಮುಖದಲ್ಲಿ ಯಾವುದೋ ಭಾರ ಇಳಿಸಿದವನ ಹಾಗೆ ಒಂದು ಸಡಿಲ ಬಂದಿತ್ತು. ಬೆನ್ನು ನೋವಿನ ಮನುಷ್ಯ ಅಂದು ಅಷ್ಟು ನೆಟ್ಟಗೆ ನಿಂತದ್ದು ಆಗಲೇ. "ಸರಿ ಹಾಗಾದ್ರೆ. ನಿನ್ನ ಹಂಗು ಏನೂ ಇಲ್ಲ ಅಂತಾಯ್ತು" ಎಂದು ಹೇಳಿ ಹೆಂಡತಿಯ ಹೆಗಲ ಮೇಲೆ ಕೈ ಹಾಕಿ ಹೊರಟ. ಅತ್ತಿಗೆ ಒಮ್ಮೆ ತಿರುಗಿ ನೋಡಿದಳು, ಅವನು ನೋಡಲಿಲ್ಲ.

ಆಮೇಲೆ ಅವಳು ಆ ಕಥೆಯನ್ನು ಯಾರಿಗೂ ಹೇಳಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಸುಮ್ಮನೆ ಗಂಟುಮುಖದ ಹೆಂಗಸು, ಅಷ್ಟೇ. ಬೀದಿಯಲ್ಲಿ ಅಂಗಡಿಯ ಮುಂದೆ ಹಾದುಹೋಗುವಾಗ ಕಿಡಿ ಹಾರಲಿಲ್ಲ. ಪೀಡೆ ಎಂದು ಯಾರೂ ಅನ್ನಲಿಲ್ಲ. ಅಣ್ಣ ಎತ್ತರದ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಬೀದಿಯಲ್ಲಿ ಹೋಗುವ ಉಳಿದವರನ್ನು ನೋಡುವಷ್ಟೇ ಅವಳನ್ನೂ ನೋಡಿ ಮತ್ತೆ ಚಾಕುವಿನ ಕಡೆ ಬಗ್ಗುತ್ತಿದ್ದ. ಕೆಲವು ದಿನ ಅವಳು ಬೇಕೆಂದೇ ನಿಧಾನವಾಗಿ ನಡೆದಳು. ಕೆಲವು ದಿನ ಕೆಮ್ಮಿದಳು. ರಾತ್ರಿ ಮಲಗಿದರೆ ಹಳೆಯ ಬೈಗುಳಗಳೆಲ್ಲ ಒಂದೊಂದಾಗಿ ನೆನಪಾಗಿ, ಅವು ಬೇಕು ಎನ್ನಿಸಿ, ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಕೊನೆಗೆ ಒಂದು ದಿನ ತಡೆಯಲಾರದೆ ಅಂಗಡಿಯ ಮುಂದೆಯೇ ನಿಂತಳು. ಒಳಗೆ ಇಬ್ಬರು ಗಿರಾಕಿಗಳಿದ್ದರು.

"ಏನೋ, ಆಪರೇಷನ್‌ಗೆ ಹೆದರಿಕೊಂಡು ಕೂತಿದ್ದೀಯಂತೆ" ಎಂದಳು, ಗಟ್ಟಿಯಾಗಿ. "ಕಣ್ಣು ಕಳ್ಕೊಂಡು ಆಮೇಲೆ ಊರ ಮುಂದೆ ನನ್ನ ಹೆಸರು ಹೇಳಬೇಡ."

ಚಕ್ರ ನಿಂತಿತು. ಅವನು ಕನ್ನಡಕವನ್ನು ಹಣೆಗೆ ಏರಿಸಿ, ಎರಡೂ ಕಣ್ಣಿಂದ ಅವಳನ್ನು ನೋಡಿದ. ಆ ನೋಟದಲ್ಲಿ ಹುಡುಕಿದರೂ ದ್ವೇಷ ಸಿಗಲಿಲ್ಲ. ಬಾಗಿಲಿಗೆ ಬಂದ ಯಾರಿಗಾದರೂ ಹೇಳುವ ದನಿಯಲ್ಲಿ ಅವನು ಕೇಳಿದ.

"ಹೇಳಿ ಅಮ್ಮಾ, ನಿಮಗೇನಾಗಬೇಕಿತ್ತು?"

ಹುಟ್ಟಿದಂದಿನಿಂದ ಅವನ ಬಾಯಲ್ಲಿ ಅವಳು ನೀನಾಗಿದ್ದಳು, ಪೀಡೆಯಾಗಿದ್ದಳು, ಹಾಳಾಗಿ ಹೋಗುವವಳಾಗಿದ್ದಳು. ಗಿರಾಕಿಗಳು ತಿರುಗಿ ನೋಡಿದರು. ಅವಳು ಮೆಟ್ಟಿಲಿನಿಂದ ಕಾಲು ಹಿಂದೆಗೆದಳು.

"ಏನಿಲ್ಲ ಬಿಡಿ" ಎಂದಳು.